ಅಣ್ಣ ತಿದ್ದಿದ ಪ್ಯಾರಾಗ್ರಾಫ್

"ಲೆಸಿಯೇಲಿಗೆ ಜೋಡಿ... ಪೆನಿ," ಎಂದು ಡೊರೀನ್ ಮೇಡಂ ಪಟ್ಟಿ ನೋಡಿ ಓದಿದ್ದೇ ತಡ, ಚರ್ಚಿನ ಹಿಂದಿನ ಹಾಲ್‌ನಲ್ಲಿ ಗುಸುಗುಸು ನಿಂತುಹೋಯಿತು. ಬಿಸ್ಕತ್ತಿನ ಡಬ್ಬಿಯೊಳಗೆ ಕೈ ಹಾಕಿದ್ದ ಸಿಯುತಿತಿ ಅದನ್ನು ಹೊರಗೆ ತೆಗೆಯುವುದನ್ನೇ ಮರೆತಳು.

"ಅಯ್ಯೋ, ಅದಾಗಲ್ಲ ಮೇಡಂ," ಎಂದಳು. "ಅವರಿಬ್ಬರೂ ಅಣ್ಣ ತಂಗಿ."

"ಹೌದಾ? ಹಾಗಾದ್ರೆ ಒಳ್ಳೇದೇ ಆಯ್ತಲ್ಲ!" ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ನಕ್ಕರು. "ಮನೆಯವರು ಅಂದ್ರೆ ಮುಲಾಜಿಲ್ಲದೆ ತಪ್ಪು ತೋರಿಸ್ತಾರೆ."

ಹನ್ನೆರಡು ಜನರೂ ನೆಲ ನೋಡಿದರು. ಮುಲಾಜಿಲ್ಲದೆ ಅಂತೆ! ಈ ಪುಣ್ಯಾತಗಿತ್ತಿ ಎರಡು ವರ್ಷದಿಂದ ಪ್ರತಿ ಶನಿವಾರ ಕಾಸು ತೆಗೆದುಕೊಳ್ಳದೆ ಬಂದು ಇಂಗ್ಲಿಷ್ ಹೇಳಿಕೊಡುತ್ತಿದ್ದಾರೆ, ಮನೆಯಲ್ಲೇ ಮಾಡಿದ ಬಿಸ್ಕತ್ತು ತರುತ್ತಾರೆ, ಎಲ್ಲರ ಹೆಸರನ್ನೂ ನಾಲಿಗೆ ತಿರುಚಿ ತಿರುಚಿ ಸರಿಯಾಗಿ ಕಲಿತಿದ್ದಾರೆ. ಆದರೆ ಟೋಂಗಾದವರಲ್ಲಿ ಅಣ್ಣ ತಂಗಿ ಅಂದರೆ ಏನು ಎಂಬುದು ಮಾತ್ರ ಅವರಿಗೆ ಇನ್ನೂ ಗೊತ್ತಾಗಿಲ್ಲ. ಅಣ್ಣ ತಂಗಿ ಒಂದೇ ಬೆಂಚಿನಲ್ಲಿ ಕೂರುವುದಿಲ್ಲ. ಒಂದೇ ಕೋಣೆಯಲ್ಲಿ ಟಿ.ವಿ. ನೋಡುವುದಿಲ್ಲ. ಒಬ್ಬರ ಮೈ ಮನಸ್ಸಿನ ಸುದ್ದಿಯನ್ನು ಇನ್ನೊಬ್ಬರು ಬಾಯಿಬಿಟ್ಟು ಆಡುವುದಿಲ್ಲ. ಜಗಳ ಇದ್ದು ಅಲ್ಲ, ಮರ್ಯಾದೆ ಇದ್ದು. ತಂಗಿ ಅಂದರೆ ಅಣ್ಣನಿಗಿಂತ ಒಂದು ಮೆಟ್ಟಿಲು ಮೇಲೆ. ಅವಳೆದುರು ಅವನು ತಲೆ ತಗ್ಗಿಸಬೇಕು, ಅವಳು ಕೇಳಿದ್ದನ್ನು ಯಾಕೆ ಎನ್ನದೆ ಕೊಡಬೇಕು. ಇದನ್ನೆಲ್ಲ ಬಿಸ್ಕತ್ತು ತಿನ್ನುತ್ತಾ ಯಾರು ಯಾರಿಗೆ ವಿವರಿಸುತ್ತಾರೆ?

ಎಲ್ಲರೂ ಲೆಸಿಯೇಲಿಯ ಕಡೆ ನೋಡಿದರು. ಒಲ್ಲೆ ಅನ್ನಬೇಕಾದವಳು ಅವಳೇ. ಅವಳು ಒಂದು ಮಾತು ಅಂದಿದ್ದರೆ ಮೇಡಂ ಸಂತೋಷದಿಂದ ಬೇರೆ ಜೋಡಿ ಹಾಕುತ್ತಿದ್ದರು. ಕಿಟಕಿಯ ಮೂಲೆಯಲ್ಲಿ ಕೂತಿದ್ದ ಪೆನಿ, ಅಂದರೆ ಅವಳ ಅಣ್ಣ ಪೆನಿಸಿಮಾನಿ, ಟೋಪಿಯನ್ನು ಮೊಣಕಾಲ ಮೇಲೆ ಉಜ್ಜುತ್ತಾ ಗದ್ದವನ್ನು ಎದೆಗೆ ಒತ್ತಿಕೊಂಡಿದ್ದ.

"ಇರಲಿ ಮೇಡಂ," ಎಂದಳು ಲೆಸಿಯೇಲಿ. "ನಾನು ಬರೀತೀನಿ. ಅವನು ತಿದ್ದಲಿ."

ಸಿಯುತಿತಿಯ ಕೈಯಲ್ಲಿದ್ದ ಬಿಸ್ಕತ್ತು ಡಬ್ಬಿಗೆ ವಾಪಸ್ ಬಿತ್ತು.

ಲೆಸಿಯೇಲಿಗೆ ಹಾಗೆ ಅನ್ನುವ ಧೈರ್ಯ ಎಲ್ಲಿಂದ ಬಂತು? ಎಂಟು ದಿನದಿಂದ ಅವಳಿಗೆ ಅನ್ನ ಸೇರಿರಲಿಲ್ಲ. ಹೋದ ಶುಕ್ರವಾರ ಸಂಜೆ ಮಗಳು ಹೇಲಾಲಾ ಪಾತ್ರೆ ತೊಳೆಯುತ್ತಾ, ತನ್ನಷ್ಟಕ್ಕೆ ನಗುತ್ತಾ, ಒಂದು ಮಾತು ಹೇಳಿದ್ದಳು.

"ಮಾಮ ಎಂಥ ಮಜಾ ಗೊತ್ತೇನಮ್ಮ? ಬೆಳಿಗ್ಗೆ ವ್ಯಾನಲ್ಲಿ ನನ್ನ ಜೊತೆ ಆಟ ಆಡ್ತಾರೆ. ಮುಂದೆ ಏನೇನು ಬರ್ತಿದೆ ಅಂತ ನಾನು ಹೇಳ್ತಾ ಹೋಗ್ಬೇಕು. ಲಾರಿ, ಕಾಂಗರೂ, ಗೇಟು, ತಿರುವು. ಒಂದೂ ಬಿಡದೆ ಹೇಳಿದ್ರೆ ಚಾಕಲೇಟು."

"ಯಾವತ್ತಿಂದ?" ಎಂದು ಲೆಸಿಯೇಲಿ ಕೇಳಿದ್ದಳು. ಅವಳ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತ್ತು.

"ಈಸ್ಟರ್ ಆದಮೇಲಿಂದ. ಯಾಕೆ?"

"ಏನಿಲ್ಲ. ಚಾಕಲೇಟು ತಿಂದು ತಿಂದು ಹಲ್ಲು ಹಾಳು ಮಾಡ್ಕೋಬೇಡ."

ಆದರೆ ಆ ಆಟವನ್ನು ಅವಳೂ ಆಡಿದ್ದಳು. ಆಗ ಅವಳಿಗೆ ಹನ್ನೆರಡು ವರ್ಷ, ಊರು ಟೋಂಗಾದ ಲಿಫುಕಾ ದ್ವೀಪ. ಅಪ್ಪ ಕುದುರೆಗಾಡಿಯಲ್ಲಿ ಕೊಬ್ಬರಿ ಮೂಟೆ ಹೇರಿಕೊಂಡು ಹೊರಟರೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. "ಮುಂದೆ ಏನಿದೆ ಹೇಳು ನೋಡೋಣ ಮಗಳೇ. ಹಂದಿಯಾ? ಸೈಕಲ್ಲಾ? ಸರಿಯಾಗಿ ಹೇಳಿದ್ರೆ ಪೆಪ್ಪರ್‌ಮಿಂಟು." ಎಷ್ಟು ಪೆಪ್ಪರ್‌ಮಿಂಟು ತಿಂದಳೋ! ಒಂದು ದಿನ ಅವಳಿಗೆ ಜ್ವರ ಬಂತು. ಅಪ್ಪ ಅಮ್ಮನನ್ನು ಕೂರಿಸಿಕೊಂಡು ತಾನೇ ಗಾಡಿ ಹೊಡೆದುಕೊಂಡು ಹೋದ. ಕಡಲ ದಂಡೆಯ ಕಿರುದಾರಿಯಲ್ಲಿ ಗಾಡಿ ಬಂಡೆಗಳ ಮೇಲೆ ಮಗುಚಿತು. ಅದನ್ನು ಎತ್ತಿ ಅಮ್ಮನನ್ನು ಹೊರಗೆ ಎಳೆದವನು ಹದಿನಾರು ವರ್ಷದ ಪೆನಿ. ಅಮ್ಮ ಸಾಯುವವರೆಗೂ ಮತ್ತೆ ನೆಟ್ಟಗೆ ನಡೆಯಲಿಲ್ಲ. ಸಕ್ಕರೆ ಕಾಯಿಲೆ ಅಪ್ಪನ ಕಣ್ಣನ್ನು ತಿಂದು ವರ್ಷವಾಗಿತ್ತೆಂದು ಊರಿಗೆ ಗೊತ್ತಾದದ್ದು ಆವತ್ತೇ.

ಈಗ ಪೆನಿಗೆ ಐವತ್ತೆಂಟು. ಅವನಿಗೂ ಸಕ್ಕರೆ ಇದೆ. ಮೂರು ವಾರದಿಂದ ಕ್ಲಾಸಿಗೆ ಕನ್ನಡಕ ತರುವುದನ್ನು ಮರೆಯುತ್ತಿದ್ದ. ಕಪ್ಪಿಗೆ ಚಹಾ ಬಗ್ಗಿಸುವಾಗ ಕಪ್ಪಿನ ಪಕ್ಕಕ್ಕೆ ಬಗ್ಗಿಸಿ, "ಹಾಳಾದ್ದು, ಕೆಟಲ್ ಸೋರುತ್ತೆ," ಎಂದು ಬೈದಿದ್ದ. ಹೋದ ಮಂಗಳವಾರ ತೋಟದ ಗೇಟಿನ ಹತ್ತಿರ ಹಾಲಿನ ಕ್ಯಾನಿನಿಂದ ಮಾಡಿದ್ದ ಅಂಚೆ ಡಬ್ಬಿಯನ್ನು ವ್ಯಾನು ಉಜ್ಜಿಕೊಂಡು ಹೋಯಿತು. "ಬಿಸಿಲು ಕಣ್ಣಿಗೆ ಹೊಡೀತು," ಎಂದ. ಗಂಡಸರು, "ಪೆನಿ, ಟಪಾಲು ಬಂದಿದೆಯಾ ನೋಡೋಕೆ ಹೋಗಿದ್ದೆಯೇನೋ?" ಎಂದು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಹಿಂದಿನ ಸೀಟಿನಲ್ಲಿ ಕೂತಿದ್ದ ಲೆಸಿಯೇಲಿ ನಗಲಿಲ್ಲ. ಅಣ್ಣ ಗಾಡಿ ಓಡಿಸುವಾಗ ಅವಳು ಕೂರುವುದು ಯಾವಾಗಲೂ ಕಟ್ಟಕಡೆಯ ಸೀಟಿನಲ್ಲೇ.

ಆ ವ್ಯಾನು ಪೆನಿಯದು, ಅವನ ಬೆವರಿನದು. ಹನ್ನೆರಡು ಸೀಟು. ಬೆಳಿಗ್ಗೆ ಎಲ್ಲರನ್ನೂ ಬಾದಾಮಿ ತೋಟಕ್ಕೆ ಒಯ್ಯುವುದು, ಸಂಜೆ ತರುವುದು, ಶನಿವಾರ ಕ್ಲಾಸಿಗೆ, ಭಾನುವಾರ ಚರ್ಚಿಗೆ. ಸೊಂಟ ಹೋಗಿ ಮರ ಹತ್ತಲಾರದ ಮೇಲೆ ಅವನಿಗೆ ಉಳಿದದ್ದು ಸ್ಟೀರಿಂಗ್ ಒಂದೇ. "ಪೆನಿ ಇಲ್ದಿದ್ರೆ ನಾವೆಲ್ಲ ನಡ್ಕೊಂಡೇ ಹೋಗ್ಬೇಕಿತ್ತು," ಎಂದು ಯಾರಾದರೂ ಅಂದರೆ ಸಾಕು, ಅವತ್ತಿಡೀ ಅವನ ಮುಖ ಅರಳಿರುತ್ತಿತ್ತು. ಸೋಮವಾರದಿಂದ ಕೊಯ್ಲು. ಬೆಳಗಿನ ಜಾವ ನಾಲ್ಕೂವರೆಗೆ, ಕತ್ತಲಲ್ಲಿ, ಹೆದ್ದಾರಿ ದಾಟಿ, ದ್ರಾಕ್ಷಿ ಹೊತ್ತ ಉದ್ದುದ್ದ ಲಾರಿಗಳ ನಡುವೆ ಹನ್ನೊಂದು ಜೀವ ಅವನನ್ನು ನಂಬಿ ಕೂತಿರುತ್ತವೆ. ಮುಂದಿನ ಸೀಟಿನಲ್ಲಿ ಹೇಲಾಲಾ ಆಟ ಆಡುತ್ತಿರುತ್ತಾಳೆ. ಒಂದು ದಿನ ಅವಳಿಗೆ ಜ್ವರ ಬಂದರೆ? ಇಲ್ಲ, ಬರೀ ತೂಕಡಿಕೆ ಬಂದರೂ ಸಾಕಲ್ಲ!

ಗೊತ್ತಿದ್ದೂ ಗೊತ್ತಿದ್ದೂ ಹೀಗೆ ಮಾಡುತ್ತಾನಲ್ಲ ಎಂದು ಅವಳಿಗೆ ಉರಿಯುತ್ತಿತ್ತು. ಅಮ್ಮನ ಕಾಲನ್ನು ಗಾಡಿಯಡಿಯಿಂದ ಬಿಡಿಸಿದ ಕೈ ಅಲ್ಲವೇ ಅದು? ಆದರೆ ಹೇಳುವುದು ಹೇಗೆ? ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಾಣ ಹೋಗುತ್ತದೆ. ಅತ್ತಿಗೆ ಇದ್ದಿದ್ದರೆ ಅವಳ ಕಿವಿಗೆ ಹಾಕಬಹುದಿತ್ತು. ಅವಳು ಸಮುದ್ರದ ಆಚೆ ಊರಲ್ಲಿದ್ದಾಳೆ. ಬುಧವಾರ ಲೆಸಿಯೇಲಿ ಪಾದ್ರಿಯ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ವಿಷಯ ಹೇಳಿದಳು.

"ನೀನು ಹೇಳೋ ಮಾತಲ್ಲ ಇದು ತಾಯಿ," ಎಂದರು ಪಾದ್ರಿ. "ತಂಗಿಯಾಗಿ ಅಣ್ಣನ ಮೈ ಸುದ್ದಿ ಎತ್ತಬಾರದು. ನಾನು ಕೇಳ್ತೀನಿ ಬಿಡು."

ಕೇಳಿದರು ಕೂಡ, ಕಾವಾ ಎಂಬ ಬೇರಿನ ಪಾನೀಯ ಕುಡಿಯುವ ಬಟ್ಟಲ ಮುಂದೆ, ಎಲ್ಲ ಗಂಡಸರ ನಡುವೆ. ಆ ಹೊತ್ತಿನಲ್ಲಿ ಆ ಜಾಗದಲ್ಲಿ ಕೇಳಿದರೆ ಯಾವ ಗಂಡಸು ಹೌದು ಅನ್ನುತ್ತಾನೆ? "ನನ್ನ ಕಣ್ಣಾ? ಗಿಡುಗನ ಕಣ್ಣು ಸ್ವಾಮಿ!" ಎಂದನಂತೆ ಪೆನಿ. ಎಲ್ಲರೂ ತೊಡೆ ತಟ್ಟಿ ನಕ್ಕರಂತೆ. ಗುರುವಾರ ಪಾದ್ರಿ ಅವಳಿಗೆ, "ಚಿಂತೆ ಬಿಡು, ಪ್ರಾರ್ಥನೆ ಮಾಡು," ಎಂದು ಹೇಳಿ ಕಳಿಸಿದರು. ಇನ್ನು ತೋಟದ ಮೇಸ್ತ್ರಿಗೆ ಹೇಳಿದರೆ ಅಣ್ಣನ ಅನ್ನಕ್ಕೆ ತಾನೇ ಕಲ್ಲು ಹಾಕಿದ ಹಾಗೆ. ಊರಿಡೀ ಅವನ ಕುರುಡು ಡಂಗುರವಾಗುತ್ತದೆ.

ಮೇಡಂ ಜೋಡಿ ಕೂಗಿದಾಗ ಅವಳ ತಲೆಯಲ್ಲಿ ಹೊಳೆದದ್ದು ಇಷ್ಟೇ: ನಾನು ಬಾಯಿಬಿಟ್ಟು ಆಡಬಾರದು, ಸರಿ. ಬರೆಯಬಾರದು ಎಂದು ಯಾರೂ ಹೇಳಿಲ್ಲವಲ್ಲ. ಅದೂ ಇಂಗ್ಲಿಷಿನಲ್ಲಿ! ಆ ಭಾಷೆಗೆ ಅಣ್ಣನೂ ಗೊತ್ತಿಲ್ಲ, ತಂಗಿಯೂ ಗೊತ್ತಿಲ್ಲ. ಮೇಡಂ ಕೊಟ್ಟ ಕೆಲಸ, ಅವನು ಓದಲೇಬೇಕು.

ಮೇಡಂ ಹಲಗೆಯ ಮೇಲೆ ಬರ್ಗರಿನ ಚಿತ್ರ ಬರೆದರು. "ನೆನಪಿದೆಯಲ್ಲ? ಪ್ಯಾರಾಗ್ರಾಫ್ ಅಂದ್ರೆ ಬರ್ಗರ್. ಮೇಲಿನ ಬನ್ನಿನಲ್ಲಿ ವಿಷಯ ಏನು ಅಂತ ಒಂದೇ ವಾಕ್ಯ. ಮಧ್ಯದಲ್ಲಿ ಮಾಂಸ, ಅಂದ್ರೆ ಕಾರಣ, ಉದಾಹರಣೆ. ಕೆಳಗಿನ ಬನ್ನಿನಲ್ಲಿ ಮುಗಿಸೋ ಮಾತು. ಇವತ್ತಿನ ವಿಷಯ, 'ನನ್ನನ್ನು ಕಾಡುವ ಒಂದು ಚಿಂತೆ'."

"ಮೇಡಂ ಬರ್ಗರಲ್ಲಿ ಮಾಂಸಾನೇ ಇರಲ್ಲ, ಬರೀ ಬನ್ನು," ಎಂದಳು ಸಿಯುತಿತಿ ತಮ್ಮ ಭಾಷೆಯಲ್ಲಿ. "ನನಗಿರೋ ಚಿಂತೆ ಒಂದೇ, ಮಧ್ಯಾಹ್ನ ಊಟಕ್ಕೇನು ಅಂತ."

"ಅದನ್ನೇ ಬರಿ," ಎಂದಳು ಹೇಲಾಲಾ. "ಮೂರು ಪುಟ ಆಗುತ್ತೆ."

ಎಲ್ಲರ ಮನಸ್ಸೂ ಮತ್ತೆ ಹಗುರಾಯಿತು. ಲೆಸಿಯೇಲಿ ಪೆನ್ನು ಹಿಡಿದು ಬಗ್ಗಿದಳು. ಬರೆಯುವಾಗ ಅವಳಿಗೆ ಬೆವರು ಬಂತು. ಗೊತ್ತಿದ್ದ ಪದಗಳು ಕಡಿಮೆ, ಅದೇ ಒಳ್ಳೆಯದಾಯಿತು. ಮಾತನ್ನು ಸುತ್ತಿ ಬಳಸಲು ಆಗಲಿಲ್ಲ. ದಪ್ಪ ಅಕ್ಷರದಲ್ಲಿ, ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆದಳು.

'ನನ್ನ ಅಣ್ಣನ ಕಣ್ಣು ಹೋಗುತ್ತಿದೆ. ನಮ್ಮ ಅಪ್ಪನ ಕಣ್ಣೂ ಹೀಗೆಯೇ ಹೋಯಿತು. ಅಪ್ಪ ಯಾರಿಗೂ ಹೇಳಲಿಲ್ಲ. ಅಮ್ಮನ ಕಾಲು ಮುರಿಯಿತು. ನನ್ನ ಅಣ್ಣ ದಿನಾ ಹನ್ನೊಂದು ಜನರನ್ನು ವ್ಯಾನಿನಲ್ಲಿ ಕರೆದುಕೊಂಡು ಹೋಗುತ್ತಾನೆ. ನನ್ನ ಮಗಳು ಅವನಿಗೆ ದಾರಿ ಹೇಳುತ್ತಾಳೆ. ಅವಳು ಅದನ್ನು ಆಟ ಅಂದುಕೊಂಡಿದ್ದಾಳೆ. ನನಗೆ ಭಯ ಆಗುತ್ತದೆ. ಅಣ್ಣ, ದಯವಿಟ್ಟು ಗಾಡಿ ಓಡಿಸಬೇಡ. ಆಸ್ಪತ್ರೆಗೆ ಹೋಗು. ನಾನು ಯಾರಿಗೂ ಹೇಳುವುದಿಲ್ಲ.'

ಕೊನೆಯ ಗೆರೆ ಬರೆದು ಪೆನ್ನು ಇಟ್ಟಳು. ದೊಡ್ಡವಳಾದ ಮೇಲಿನ ನಲವತ್ತು ವರ್ಷದಲ್ಲಿ ಅಣ್ಣನ ಜೊತೆ ಇಷ್ಟು ಮಾತು ಆಡಿದ್ದೇ ಇಲ್ಲ.

ಮೇಡಂ ಎಲ್ಲರ ಕಾಗದವನ್ನೂ ತಾವೇ ಎತ್ತಿಕೊಂಡು ಜೋಡಿಗಳ ಮುಂದೆ ಹಂಚಿದರು, ಒಬ್ಬೊಬ್ಬರಿಗೆ ಒಂದೊಂದು ಕೆಂಪು ಪೆನ್ಸಿಲ್ ಕೊಟ್ಟರು. "ಅವಸರ ಮಾಡಬೇಡಿ. ಪ್ರತಿ ಪದದ ಕೆಳಗೆ ಬೆರಳಿಟ್ಟು ಓದಿ. ಆಮೇಲೆ ಕೊನೆಯ ಸಾಲಿನಿಂದ ಮೇಲಕ್ಕೆ ಇನ್ನೊಂದು ಸಲ ಓದಿ. ಮೇಲಿಂದ ಓದಿದ್ರೆ ಕಥೆ ನಿಮ್ಮನ್ನ ಎಳ್ಕೊಂಡು ಹೋಗಿಬಿಡುತ್ತೆ, ತಪ್ಪು ಕಾಣಲ್ಲ. ಕೆಳಗಿಂದ ಬಂದ್ರೆ ಕಾಣುತ್ತೆ. ಸರಿ ಇದ್ದ ಸಾಲಿಗೆ ಟಿಕ್ ಹಾಕಿ. ಕಡೆಗೆ ಕೆಳಗೆ ನಿಮ್ಮ ಹೆಸರು."

ಲೆಸಿಯೇಲಿಯ ಮುಂದೆ ಪೆನಿಯ ಕಾಗದ ಬಂತು. ಮಳೆಯ ಬಗ್ಗೆ ಮೂರು ಸಾಲು. ಅಕ್ಷರಗಳು ಗೆರೆ ಬಿಟ್ಟು ಏರಿ ಇಳಿದಿದ್ದವು, ಎರಡನೆಯ ಸಾಲು ಮೊದಲನೆಯದರ ಮೇಲೆ ಹತ್ತಿ ಕೂತಿತ್ತು. ಅವಳಿಗೆ ಅದನ್ನು ಓದುವ ತಾಳ್ಮೆ ಇರಲಿಲ್ಲ. ಕಣ್ಣಂಚಿನಲ್ಲಿ ಕಿಟಕಿಯ ಮೂಲೆಯನ್ನೇ ನೋಡುತ್ತಿದ್ದಳು. ಪೆನಿ ಕಾಗದದ ಮೇಲೆ ಬಗ್ಗಿದ್ದ. ಬೆರಳು ನಿಧಾನವಾಗಿ ಸಾಲಿನಿಂದ ಸಾಲಿಗೆ ಹೋಗುತ್ತಿತ್ತು. ಈಗ ಅಪ್ಪನ ಸಾಲು ಓದಿರಬೇಕು. ಈಗ ಅಮ್ಮನ ಕಾಲು. ಅವನು ಎದ್ದು ಹೊರಗೆ ಹೋಗಿಬಿಡುತ್ತಾನೆ ಎಂದುಕೊಂಡಳು. ಅಥವಾ ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಅಥವಾ ಒಂದು ಸಲ, ಒಂದೇ ಒಂದು ಸಲ, ತಲೆಯೆತ್ತಿ ತನ್ನ ಕಡೆ ನೋಡುತ್ತಾನೆ. ದೇವರೇ, ಬೈದರೂ ಸರಿ, ಏನಾದರೂ ಅನ್ನಲಿ.

ಅವನ ಬೆರಳು ಕೊನೆ ಮುಟ್ಟಿತು. ಕೆಂಪು ಪೆನ್ಸಿಲಿನಿಂದ ಒಂದಾದ ಮೇಲೊಂದು ಟಿಕ್ ಹಾಕಿದ. ಹೆಸರು ಬರೆದ. ಟೋಪಿಯನ್ನು ಮತ್ತೆ ಮೊಣಕಾಲ ಮೇಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ ಕೂತ.

"ಆಯ್ತಾ ಪೆನಿ? ಎಷ್ಟು ತಪ್ಪು?" ಎಂದರು ಮೇಡಂ.

"ಒಂದೂ ಇಲ್ಲ ಮೇಡಂ," ಎಂದ ಪೆನಿ ನಗುಮುಖದಿಂದ. "ನನ್ನ ತಂಗಿ ಬರೆದದ್ದರಲ್ಲಿ ತಪ್ಪು ಎಲ್ಲಿಂದ ಬರ್ಬೇಕು?"

ಆಹಾ, ಎಂದು ಇಡೀ ಕ್ಲಾಸು ಉದ್ಗರಿಸಿತು. ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು. "ನೋಡಿ ಕಲೀರಿ ಕಣ್ರೋ," ಎಂದಳು ಸಿಯುತಿತಿ ಗಂಡಸರ ಕಡೆ ತಿರುಗಿ. "ಓದೇ ಇಲ್ಲ ಅವನು! ತಂಗಿಯ ಮನಸಿನ ಮಾತು ಅಂತ ಕಣ್ಣೂ ಹಾಕದೆ ಟಿಕ್ ಹಾಕಿ ಕೊಟ್ಟ. ಇದಪ್ಪ ಮರ್ಯಾದೆ ಅಂದ್ರೆ. ನನಗೂ ಇದ್ದಾನೆ ಒಬ್ಬ ಅಣ್ಣ, ನನ್ನ ಫೋನನ್ನೇ ತೆಗೆದು ನೋಡ್ತಾನೆ."

ಲೆಸಿಯೇಲಿ ಕೈಯಲ್ಲಿದ್ದ ಕೆಂಪು ಪೆನ್ಸಿಲ್ ಕೆಳಗಿಟ್ಟಳು. ಓದಲಿಲ್ಲವೇ? ಮರ್ಯಾದೆಗೆ ಓದಲಿಲ್ಲವೇ? ಈ ಮರ್ಯಾದೆಗಿಷ್ಟು ಬೆಂಕಿ ಬೀಳ! ಎಂಟು ದಿನ ನಿದ್ದೆಗೆಟ್ಟು, ನಾಚಿಕೆಬಿಟ್ಟು ಬರೆದ ಮಾತು ಅವನ ಬೆರಳ ಕೆಳಗೆ ಹಾಗೇ ಸತ್ತುಹೋಯಿತಲ್ಲ ಎಂದು ಅಳು ಬಂತು.

ಮೇಡಂ ಪೆನಿಯ ಮುಂದಿದ್ದ ಕಾಗದ ಎತ್ತಿಕೊಂಡು ಟಿಕ್ಕುಗಳನ್ನಷ್ಟೇ ನೋಡಿ ಜೋರಾಗಿ ನಕ್ಕರು. "ಅಯ್ಯೋ ಪೆನಿ! ಕೊನೆಯಿಂದ ಮೇಲಕ್ಕೆ ಓದು ಅಂದ್ರೆ ಕಾಗದಾನೇ ತಿರುಗಿಸಿ ಇಟ್ಕೊಳ್ಳೋದಾ? ನೋಡಿ, ಟಿಕ್ಕೆಲ್ಲ ಬುಡಮೇಲು!" ಕಾಗದವನ್ನು ಎತ್ತಿ ತೋರಿಸಿದರು. ಎಲ್ಲರೂ ಹೋ ಎಂದು ನಕ್ಕರು. ಪೆನಿಯೂ ನಕ್ಕ, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ. "ನೀವು ಹೇಳಿದ ಹಾಗೇ ಮಾಡಿದೆ ಮೇಡಂ," ಎಂದ.

ಯಾರೂ ಓದುವ ಮೊದಲೇ ಲೆಸಿಯೇಲಿ ಕೈ ಚಾಚಿ ಕಾಗದ ಇಸಿದುಕೊಂಡಳು. ನೋಡಿದಳು. ಟಿಕ್ಕುಗಳು ತಲೆಕೆಳಗಾಗಿ ನಿಂತಿದ್ದವು. ಕೆಲವು ಸಾಲಿನ ಮೇಲಿದ್ದವು, ಕೆಲವು ಬಿಟ್ಟ ಖಾಲಿ ಗೆರೆಯ ಮೇಲೆ. ಕೆಳಗೆ ಬರೆಯಬೇಕಾದ ಅವನ ಹೆಸರು ಮೇಲೆ, ಅವಳ ಹೆಸರಿನ ನೆತ್ತಿಯ ಮೇಲೆ ಅಡ್ಡಾದಿಡ್ಡಿ ಬಿದ್ದಿತ್ತು. ಮೇಡಂ ಅವನ ಮುಂದೆ ಇಟ್ಟಾಗಲೇ ಕಾಗದ ತಿರುಗಿತ್ತು. ಅವನು ಅದನ್ನು ತಿರುಗಿಸಿ ಇಟ್ಟುಕೊಂಡಿರಲಿಲ್ಲ. ತಿರುಗಿದೆ ಎಂಬುದೇ ಅವನಿಗೆ ಕಂಡಿರಲಿಲ್ಲ. ಇಷ್ಟು ದಪ್ಪ ಅಕ್ಷರ, ಮೂಗಿನ ಕೆಳಗೆ, ಹಾಡುಹಗಲು, ಕಿಟಕಿಯ ಬೆಳಕಿನಲ್ಲಿ.

ಅಳು ಎಲ್ಲಿ ಹೋಯಿತೋ ಹೋಯಿತು. ಮಂಜಾಗಿರಬಹುದು, ಮಸುಕಾಗಿರಬಹುದು ಎಂದು ಅವಳು ಅಂದುಕೊಂಡಿದ್ದಳು. ಇದು ಮಂಜಲ್ಲ, ಮಸುಕಲ್ಲ. ಇವತ್ತು ಬೆಳಿಗ್ಗೆ ತಮ್ಮನ್ನೆಲ್ಲ ಇಲ್ಲಿಗೆ ತಂದು ನಿಲ್ಲಿಸಿದ್ದು ಅವನ ಕಣ್ಣಲ್ಲ, ಹೇಲಾಲಾಳ ಬಾಯಿ ಮತ್ತು ಹತ್ತು ವರ್ಷದ ರೂಢಿ. ಇನ್ನು ಅರ್ಧ ಗಂಟೆಯಲ್ಲಿ ಅದೇ ಹೆದ್ದಾರಿಯಲ್ಲಿ ವಾಪಸ್ ಹೋಗಬೇಕು. ಕಾಗದ, ಪಾದ್ರಿ, ಪ್ರಾರ್ಥನೆ ಯಾವುದಕ್ಕೂ ಇನ್ನು ಹೊತ್ತಿರಲಿಲ್ಲ.

ಕ್ಲಾಸು ಮುಗಿಯಿತು. ಮೇಡಂ ಹಲಗೆ ಒರೆಸುತ್ತಾ, "ಮುಂದಿನ ವಾರ ಎಲ್ಲರೂ ತಿದ್ದಿದ ಪ್ಯಾರಾಗ್ರಾಫನ್ನ ಶುದ್ಧವಾಗಿ ಬರ್ಕೊಂಡು ಬನ್ನಿ," ಎಂದರು. ಹೊರಗೆ ಬಿಸಿಲು ಸುರಿಯುತ್ತಿತ್ತು. ಚರ್ಚಿನ ಪಕ್ಕದ ನೀಲಗಿರಿ ಮರದಡಿ ಬಿಳಿ ವ್ಯಾನು ನಿಂತಿತ್ತು. ಗಂಡಸರು ನೆರಳಿನಲ್ಲಿ ಸಿಗರೇಟು ಮುಗಿಸುತ್ತಿದ್ದರು. ಹೇಲಾಲಾ ಮುಂದಿನ ಸೀಟು ಹತ್ತಲು ಬಾಗಿಲು ತೆಗೆದಿದ್ದಳು. ಪೆನಿ ವ್ಯಾನಿನ ಮೈಗೆ ಅಂಗೈ ಸವರಿಕೊಂಡು ಬಂದು ಚಾಲಕನ ಬಾಗಿಲಿನ ಹಿಡಿ ಹುಡುಕಿದ.

ಲೆಸಿಯೇಲಿಗೆ ಒಂದು ಹಮ್ಮು ಇತ್ತು. ಅದು ಎಲ್ಲರಿಗೂ ಗೊತ್ತಿತ್ತು. ತಂಗಿಯ ಹಕ್ಕನ್ನು ಅವಳು ಒಮ್ಮೆಯೂ ಚಲಾಯಿಸಿದವಳಲ್ಲ. ಬೇರೆ ಹೆಂಗಸರು ಅಣ್ಣತಮ್ಮಂದಿರ ಮನೆಯಿಂದ ಹಂದಿ ತಂದರು, ಚಾಪೆ ತಂದರು, ಫ್ರಿಜ್ಜು ಹೊತ್ತುಕೊಂಡು ಬಂದರು. ಗಂಡ ಸತ್ತು ಕೈಯಲ್ಲಿ ಏನೂ ಇಲ್ಲದಾಗಲೂ ಅವಳು ಪೆನಿಯ ಹತ್ತಿರ ಒಂದು ಗೆಣಸು ಕೇಳಿರಲಿಲ್ಲ. "ಲೆಸಿಯೇಲಿ ಥರ ತಂಗಿ ಇರ್ಬೇಕು," ಎಂದು ಜನ ಹೇಳುತ್ತಿದ್ದರು. ಅದೊಂದು ಮಾತಿನ ಮೇಲೆ ಅವಳು ಇಷ್ಟು ವರ್ಷ ತಲೆಯೆತ್ತಿ ನಡೆದಿದ್ದಳು.

ಅವಳು ಕಟ್ಟಕಡೆಯ ಬಾಗಿಲಿಗೆ ಹೋಗದೆ ನೇರವಾಗಿ ಮುಂದೆ ಬಂದಳು. ಅಣ್ಣನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತಳು.

"ಅಣ್ಣ," ಎಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಸಿಗರೇಟಿನ ಕೈಗಳು ನಿಂತವು. "ಆ ವ್ಯಾನು ನನಗೆ ಬೇಕು."

ಪೆನಿ ತಿರುಗಿದ. ಅವಳ ದನಿ ಬಂದ ಕಡೆಗೆ, ಆದರೆ ಸ್ವಲ್ಪ ಪಕ್ಕಕ್ಕೆ. "ಎಲ್ಲಿಗಾದ್ರೂ ಹೋಗ್ಬೇಕಾ ತಂಗ್ಯಮ್ಮ? ಹೇಳು, ಬಿಟ್ಟು ಬರ್ತೀನಿ."

"ಬಿಡೋದು ಬೇಡ. ವ್ಯಾನೇ ಬೇಕು. ನನ್ನದಾಗ್ಬೇಕು. ಕೀಲಿ ಕೊಡು."

"ಅಮ್ಮಾ!" ಎಂದಳು ಹೇಲಾಲಾ ನಾಚಿಕೆಯಿಂದ.

"ಅಬ್ಬಬ್ಬಾ!" ಸಿಯುತಿತಿ ಸೊಂಟಕ್ಕೆ ಕೈಯಿಟ್ಟಳು. "ಹುಂಡಿ ಕಾಯ್ದು ಕಾಯ್ದು ಕಡೆಗೆ ಬೀಗಾನೇ ಒಡೆದಳಲ್ಲ! ಬೇರೆಯವರು ಹಂದಿ ಕೇಳ್ತಾರೆ, ಇವಳಿಗೆ ಅವನ ಅನ್ನದ ಬಟ್ಟಲೇ ಬೇಕಂತೆ. ಕೊಯ್ಲಿನ ಮೊದಲನೇ ವಾರಾನೇ ನೋಡ್ಕೊಂಡು ಕೇಳಿದ್ದಾಳೆ, ಜಾಣೆ. ಸೋಮವಾರ ಅವನೇನು ಮಾಡ್ಬೇಕು?"

"ಸೋಮವಾರಾನೂ ನನ್ನದೇ," ಎಂದಳು ಲೆಸಿಯೇಲಿ. "ನಾನೇ ಓಡಿಸ್ತೀನಿ. ನನ್ನ ಹತ್ರ ಲೈಸೆನ್ಸ್ ಇದೆ."

"ಲೈಸೆನ್ಸ್ ಬೇರೆ ರೆಡಿ ಇಟ್ಕೊಂಡಿದ್ದಾಳೆ ನೋಡ್ರೇ!"

ಮಾತು ಮುಖಕ್ಕೆ ಕೆಸರು ಎರಚಿದ ಹಾಗೆ ಬಿತ್ತು. ಒರೆಸಿಕೊಳ್ಳುವ ಹಾಗಿರಲಿಲ್ಲ. ಒಂದು ಮಾತು ಸಾಕಿತ್ತು: ಇವನಿಗೆ ಕಣ್ಣು ಕಾಣುವುದಿಲ್ಲ. ಅಷ್ಟು ಅಂದರೆ ಅವಳ ಮಾನ ಉಳಿಯುತ್ತಿತ್ತು. ಅವಳು ಹಲ್ಲು ಕಚ್ಚಿ ನಿಂತಳು. ದುರಾಸೆಯವಳು ಅನ್ನಲಿ, ಅಣ್ಣನನ್ನು ಬೀದಿಗೆ ತಂದವಳು ಅನ್ನಲಿ. ಅಂದುಕೊಂಡು ಬದುಕಿರಲಿ ಎಲ್ಲರೂ.

ಯಾಕೆ ಎಂದು ಪೆನಿ ಕೇಳುವ ಹಾಗಿರಲಿಲ್ಲ. ಅವನ ಗದ್ದ ಎದೆಗೆ ಇಳಿದಿತ್ತು. ಹೆದ್ದಾರಿಯಲ್ಲಿ ಒಂದು ಲಾರಿ ನೆಲ ನಡುಗಿಸಿಕೊಂಡು ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ಅವನು ತಲೆ ವಾಲಿಸಿ ಕೇಳಿಸಿಕೊಂಡ.

"ನೀನು ಯಾವತ್ತೂ ಏನೂ ಕೇಳಿದವಳಲ್ಲ," ಎಂದ.

"ಈಗ ಕೇಳ್ತಿದ್ದೀನಿ."

"ಹೌದು," ಎಂದ ಪೆನಿ. ಆಮೇಲೆ ತೀರ ಮೆತ್ತಗೆ, ಅವಳಿಗೆ ಮಾತ್ರ ಕೇಳುವ ಹಾಗೆ, "ಅಪ್ಪನ ಗಾಡೀನ ಯಾರೂ ಕೇಳಲೇ ಇಲ್ಲ ನೋಡು," ಎಂದ.

ಜೇಬಿನಿಂದ ಕೀಲಿ ತೆಗೆದು ಕೈ ಚಾಚಿದ. ಚಾಚಿದ ಕೈ ಅವಳಿಂದ ಒಂದು ಮೊಳ ಪಕ್ಕಕ್ಕೆ, ಖಾಲಿ ಜಾಗದ ಮುಂದೆ ನಿಂತಿತು. ಲೆಸಿಯೇಲಿ ಸದ್ದಿಲ್ಲದೆ ಒಂದು ಹೆಜ್ಜೆ ಸರಿದು ಅಂಗೈಯನ್ನು ಅದರ ಕೆಳಗೆ ತಂದಳು. ಕೀಲಿ ಬಿತ್ತು, ಅವನ ಮೈಯ ಬಿಸಿ ಅದರಲ್ಲಿ ಇನ್ನೂ ಇತ್ತು.

ಸಿಯುತಿತಿ ಅದನ್ನು ನೋಡಿದಳು. ಪೆನಿ ವ್ಯಾನಿನ ಮೈ ಸವರಿಕೊಂಡು ಹಿಂದಕ್ಕೆ ನಡೆಯತೊಡಗಿದಾಗ ಅವಳೇ ಓಡಿ ಹೋಗಿ ಕೊನೆಯ ಬಾಗಿಲು ತೆಗೆದು, "ಮೆಟ್ಟಿಲು ಎತ್ತರ ಇದೆ, ನೋಡ್ಕೊಂಡು," ಎಂದಳು. ಅಂದಮೇಲೆ ತುಟಿ ಕಚ್ಚಿಕೊಂಡಳು. ಗಂಡಸರು ಸಿಗರೇಟು ಹೊಸಕಿ ಒಬ್ಬೊಬ್ಬರಾಗಿ ಹತ್ತಿದರು. ಯಾರೂ ತಮಾಷೆ ಮಾಡಲಿಲ್ಲ. ಕೊನೆಯ ಸೀಟಿನ ಕಿಟಕಿ ಪಕ್ಕ, ಇಷ್ಟು ದಿನ ಲೆಸಿಯೇಲಿ ಕೂರುತ್ತಿದ್ದ ಜಾಗದಲ್ಲಿ ಪೆನಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತ.

ಅವಳು ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಪಕ್ಕದಲ್ಲಿ ಹೇಲಾಲಾ ಮುಖ ಊದಿಸಿಕೊಂಡು ಹೊರಗೆ ನೋಡುತ್ತಿದ್ದಳು. ಮಡಿಚಿದ ಕಾಗದವನ್ನು ಅವಳ ತೊಡೆಯ ಮೇಲಿಟ್ಟು, "ಮನೆಗೆ ಹೋದಮೇಲೆ ನಿನ್ನ ಮಾಮನಿಗೆ ಇದನ್ನ ಓದಿ ಹೇಳು," ಎಂದಳು. "ಮೇಲಿನಿಂದ ಕೆಳಕ್ಕೆ."

ಮೇಲಿನ ಕನ್ನಡಿ ಪೆನಿಯ ಎತ್ತರಕ್ಕಿತ್ತು. ಸರಿಮಾಡಲು ಕೈ ಹಾಕಿದಾಗ ಅದರೊಳಗೆ ಅವನ ಮುಖ ಬಂತು. ಅವನು ನೆಟ್ಟಗೆ ಕನ್ನಡಿಯನ್ನೇ ನೋಡುತ್ತಿದ್ದ. ರೂಢಿಯಂತೆ ಅವಳು ಕಣ್ಣು ತಗ್ಗಿಸಿದಳು. ಆಮೇಲೆ ನೆನಪಾಗಿ ಎತ್ತಿದಳು. ಅವನ ಕಣ್ಣು ಅವಳನ್ನು ದಾಟಿ ಎಲ್ಲೋ ಇತ್ತು. ಹುಬ್ಬು ನರೆತಿತ್ತು. ಎಡಗೆನ್ನೆಯ ಮೇಲೆ, ಗಾಡಿ ಎತ್ತಿದಾಗ ಆದ ಗಾಯದ ಗುರುತು ಇನ್ನೂ ಇತ್ತು. ಅದು ಇಷ್ಟು ಉದ್ದ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಚಿಕ್ಕಂದಿನಿಂದ ನೋಡದೆ ಬಿಟ್ಟ ಮುಖವನ್ನು ಅವಳು ನೋಡಿದಳು, ಕಣ್ಣು ತುಂಬುವವರೆಗೂ ನೋಡಿದಳು. ಆಮೇಲೆ ಕನ್ನಡಿಯನ್ನು ರಸ್ತೆಯ ಕಡೆ ತಿರುಗಿಸಿದಳು.